ಉಸ್ಸಪ್ಪನ ನೋಯದ ಹುಣ್ಣು

ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಕೂರುವಾಗ, ಏಳುವಾಗ, ಚಪ್ಪಲಿ ಮೆಟ್ಟುವಾಗ, ಮೆಟ್ಟಿದ್ದನ್ನು ಬಿಡುವಾಗ, ಅಷ್ಟೇಕೆ, ಎದುರು ಮನೆಯವರು ಗ್ಯಾಸ್ ಸಿಲಿಂಡರ್ ಎತ್ತುವುದನ್ನು ಕಿಟಕಿಯಿಂದ ನೋಡುವಾಗಲೂ ಅವನ ಬಾಯಿಂದ 'ಉಸ್ಸಪ್ಪಾ' ಎಂದೇ ಹೊರಡುತ್ತಿತ್ತು. ಬೀದಿಯವರು ಮೊದಲು ಬೆನ್ನ ಹಿಂದೆ ಹಾಗೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವನೇ ಫೋನ್ ಎತ್ತಿಕೊಂಡು "ಹಲೋ, ಉಸ್ಸಪ್ಪ ಮಾತಾಡ್ತಿರೋದು" ಎನ್ನತೊಡಗಿದ.

ಡೋಲು, ನಗಾರಿಗಳ ರಿಪೇರಿ ಅವನ ಕಸುಬು. ಮನೆಯ ಹಿಂಭಾಗದ ಉದ್ದನೆಯ ಕೋಣೆಯೇ ಅಂಗಡಿ. ಸೂರಿನ ಕೊಕ್ಕೆಗಳಿಗೆ ತೊಗಲು ಹರಿದ ಡೋಲುಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ತೊಗಲು ನೆನೆಹಾಕುವ ಸಿಮೆಂಟಿನ ತೊಟ್ಟಿ, ಗೋಡೆಗೆ ಒರಗಿಸಿದ ಮರದ ಬಳೆಗಳು, ಹಗ್ಗದ ಸುರುಳಿ, ಕೂದಲು ಕೆರೆಯುವ ಬಾಗಿದ ಕತ್ತಿ. ಹೊಸದಾಗಿ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಮಾತಾಡುತ್ತಿದ್ದರು. ಉಸ್ಸಪ್ಪನ ಮೂಗಿಗೆ ಮಾತ್ರ ಅಲ್ಲಿ ಯಾವ ವಾಸನೆಯೂ ಇರಲಿಲ್ಲ. ಡೋಲನ್ನು ಬೆರಳ ತುದಿಯಿಂದ ತಟ್ಟಿ, ಕಿವಿಯನ್ನು ಹತ್ತಿರ ಒಯ್ದು, ಹಗ್ಗ ಎಲ್ಲಿ ಸಡಿಲವಾಗಿದೆ ಎಂದು ಹುಡುಕುವಾಗಷ್ಟೇ ಅವನಿಗೆ ತನಗೊಂದು ಮೈ ಇದೆ ಎಂಬುದು ಮರೆಯುತ್ತಿತ್ತು. ಉಳಿದ ಹೊತ್ತೆಲ್ಲ ಮೈಯದೇ ಮಾತು.

ಬೆಳಿಗ್ಗೆ ಮಂಡಿ, ಮಧ್ಯಾಹ್ನ ಸೊಂಟ, ಸಂಜೆಗೆ 'ಅದೇನೋ ಒಂಥರಾ'. ನೋವಿನ ವಿಷಯದಲ್ಲಿ ಅವನದು ಬಲು ನಾಜೂಕಿನ ನಾಲಿಗೆ. ಛಳುಕು ಬೇರೆ, ಉಳುಕು ಬೇರೆ. ಸೆಳೆತಕ್ಕೂ ಸಿಡಿತಕ್ಕೂ ಸಂಬಂಧವಿಲ್ಲ. ಜೋಮು ಹಿಡಿದದ್ದನ್ನು ಯಾರಾದರೂ ಮರಗಟ್ಟಿದ್ದು ಎಂದರೆ ಅವನಿಗೆ ಸಿಟ್ಟೇ ಬರುತ್ತಿತ್ತು. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಳು. ಗಂಡ ಸೊಂಟದ ವರ್ಣನೆ ಶುರುಮಾಡಿದೊಡನೆ ಯಂತ್ರವನ್ನು ತುಸು ಜೋರಾಗಿ ತುಳಿಯುತ್ತಿದ್ದಳು. ಅವನೂ ದನಿ ಏರಿಸುತ್ತಿದ್ದ. ಮಹಡಿಯ ಮೇಲಿದ್ದ ಅವನ ಅಕ್ಕನಿಗೆ ಎರಡೂ ಕೇಳಿಸುತ್ತಿತ್ತು. ಆಕೆ ಕೆಳಗಿಳಿಯುವ ಶ್ರಮ ತೆಗೆದುಕೊಳ್ಳದೆ ಮೆಟ್ಟಿಲ ಮೇಲಿನಿಂದಲೇ ಮದ್ದು ಹೇಳಿಬಿಡುತ್ತಿದ್ದಳು.

ಬೀದಿಯ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಅವನಷ್ಟು ನಿಷ್ಠೆಯ ರೋಗಿ ಇನ್ನೊಬ್ಬನಿರಲಿಲ್ಲ. ಅವನು ಬಾಗಿಲು ದಾಟುವಷ್ಟರಲ್ಲೇ ಅವರು "ಇವತ್ತು ಎಲ್ಲಿ?" ಎಂದು ಕೇಳುತ್ತಿದ್ದರು. ಒಮ್ಮೆ ಅವನು ಎಡ ಭುಜದ ಸೆಳೆತ ಹೇಳುತ್ತ ಹೇಳುತ್ತ ಮಾತಿನ ಭರದಲ್ಲಿ ಬಲ ಭುಜ ತೋರಿಸಿಬಿಟ್ಟ. ಮನೆಗೆ ಹೋಗಿ ಯಾವುದು ಎಂದು ತೀರ್ಮಾನ ಮಾಡಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಕಳಿಸಿದ್ದರು. ಅವನು ಹೋಗಿ, ತೀರ್ಮಾನ ಮಾಡಿ, ಮತ್ತೆ ಬಂದು ಸಾಲಿನಲ್ಲಿ ಕೂತಿದ್ದ.

ಹೀಗಿರುವಾಗ ಶಾಲೆಯ ಬ್ಯಾಂಡ್ ಮೇಷ್ಟ್ರು ಒಂದು ದೊಡ್ಡ ಡೋಲು ತಂದಿಟ್ಟರು. ತೊಗಲು ಅಡ್ಡಡ್ಡ ಸೀಳಿಹೋಗಿತ್ತು. ಸ್ಪರ್ಧೆ ಹತ್ತಿರ ಬಂದಿದೆ, ಬೇಗ ಬೇಕು ಎಂದರು. ಉಸ್ಸಪ್ಪನಿಗೆ ಎಂದಿನಿಂದ ತೊಗಲು ಕೊಡುತ್ತಿದ್ದ ವ್ಯಾಪಾರಿ ಮಗಳ ಹೆರಿಗೆಗೆಂದು ಊರಿಗೆ ಹೋಗಿದ್ದ. ಸಂತೆಯ ಅಂಚಿನಲ್ಲಿ ಮುಖಪರಿಚಯವಿಲ್ಲದ ಒಬ್ಬ ಮೇಕೆಯ ಒಣ ತೊಗಲುಗಳನ್ನು ಹರಡಿಕೊಂಡು ಕೂತಿದ್ದ. ಹದ ಮಾಡದ, ಕೂದಲು ತೆಗೆಯದ ತೊಗಲು. ಅಗಲ ಚೆನ್ನಾಗಿತ್ತು, ಎಲ್ಲೂ ತೂತಿಲ್ಲ. ಮೇಕೆಗಳು ಹೇಗೆ ಸತ್ತವು ಎಂದು ಉಸ್ಸಪ್ಪ ಕೇಳಲಿಲ್ಲ, ಅವನೂ ಹೇಳಲಿಲ್ಲ. ಒಂದು ಕಟ್ಟನ್ನು ಹೆಗಲಿಗೇರಿಸಿಕೊಂಡು ಇವನು ನಡೆದೇ ಮನೆಗೆ ಬಂದ. ಹಲಗೆಯಂತೆ ಬಿರುಸಾಗಿದ್ದ ತೊಗಲಿನ ಅಂಚು ದಾರಿಯುದ್ದಕ್ಕೂ ಕತ್ತಿನ ಪಕ್ಕಕ್ಕೆ ಉಜ್ಜಿ ಸಣ್ಣಗೆ ಗೀರು ಬಿದ್ದಿತ್ತು. ಆ ರಾತ್ರಿ ಊಟ ಮುಗಿಯುವ ತನಕ ಅವನು ಹೆಗಲು ಹೇಗೆ ಬಿದ್ದುಹೋಗುತ್ತಿದೆ ಎಂದು ವಿವರಿಸಿದನೇ ಹೊರತು ಆ ಗೀರಿನ ಸುದ್ದಿ ಎತ್ತಲಿಲ್ಲ. ಅದು ಅವನ ಗಮನಕ್ಕೇ ಬಂದಿರಲಿಲ್ಲ.

ತೊಗಲು ನೆನೆಯಿತು, ಕೂದಲು ಕೆರೆದದ್ದಾಯಿತು, ಬಳೆಗೆ ಬಿಗಿದದ್ದಾಯಿತು. ಒಣಗಿದ ಮೇಲೆ ಉಸ್ಸಪ್ಪ ಡೋಲಿಗೆ ಒಂದು ಪೆಟ್ಟು ಕೊಟ್ಟ. ಹೆಂಡತಿಯ ಯಂತ್ರ ತಾನಾಗಿ ನಿಂತಿತು. ಅಂಥ ತುಂಬುದನಿ ಆ ಮನೆಯಲ್ಲಿ ಅದುವರೆಗೆ ಹುಟ್ಟಿರಲಿಲ್ಲ. ಬ್ಯಾಂಡ್ ಮೇಷ್ಟ್ರು ಬಂದು, ತಾವೇ ಬಾರಿಸಿ ನೋಡಿ, ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎದೆಗವಚಿಕೊಂಡು ಹೋದರು.

ಇದಾಗಿ ಕೆಲವೇ ದಿನಗಳಲ್ಲಿ ಉಸ್ಸಪ್ಪನ ಕತ್ತಿನ ಪಕ್ಕ ಸೊಳ್ಳೆ ಕಚ್ಚಿದಂಥ ಒಂದು ಕೆಂಪು ಗುಳ್ಳೆ ಎದ್ದಿತು. ತುರಿಕೆ. ಇಷ್ಟು ಸಿಕ್ಕರೆ ಬಿಟ್ಟಾನೆಯೇ? ಸೊಳ್ಳೆಯ ಮೇಲೆ, ಕಿಟಕಿಯ ಮೇಲೆ, ಮೋರಿ ಕಟ್ಟಿದವರ ಮೇಲೆ ದಿನವಿಡೀ ದೂರು ಹೇಳಿದ. ಹೆಂಡತಿ ಸೊಳ್ಳೆಬತ್ತಿ ತಂದು ಹಚ್ಚಿದಳು. ಹೊಗೆಗೆ ಕೆಮ್ಮು ಬರುತ್ತದೆ ಎಂದು ಅದರ ಮೇಲೂ ದೂರು. ಮರುದಿನ ಗುಳ್ಳೆಯಲ್ಲಿ ನೀರು ತುಂಬಿಕೊಂಡಿತು. ಆಮೇಲೆ ಅದು ಒಡೆದು, ನಡುವೆ ಗುಳಿಯಾಗಿ, ಸುತ್ತಲೂ ಸಾಸಿವೆಯಂಥ ಪುಟ್ಟ ಪುಟ್ಟ ಗುಳ್ಳೆಗಳು ಬಳೆಯ ಹಾಗೆ ಎದ್ದವು. ಅಲ್ಲಿಗೆ ತುರಿಕೆ ನಿಂತಿತು. ಉಸ್ಸಪ್ಪನ ದೂರೂ ನಿಂತಿತು. ಅವನ ಲೆಕ್ಕದಲ್ಲಿ ನೋಯದೇ ಇರುವುದು ರೋಗವಲ್ಲ. ಅದರ ಬಗ್ಗೆ ಮಾತಾಡುವುದು ಬಾಯಿಗೆ ದಂಡ.

ಗುಳಿಯ ನಡುಭಾಗ ಕಪ್ಪಗಾದದ್ದನ್ನು ಮೊದಲು ಕಂಡವನು ಕ್ಷೌರದಂಗಡಿಯವನು. ಗಡ್ಡಕ್ಕೆ ನೊರೆ ಹಚ್ಚಿ, ಒಂದು ಕೆನ್ನೆ ಮುಗಿಸಿ, ಇನ್ನೊಂದಕ್ಕೆ ಬಂದವನು ಕತ್ತಿನ ಪಕ್ಕಕ್ಕೆ ಇದ್ದಿಲ ಚೂರು ಅಂಟಿದೆ ಎಂದುಕೊಂಡು ಒದ್ದೆ ಟವೆಲಿನಿಂದ ಒರೆಸಿದ. ಹೋಗಲಿಲ್ಲ. ಇನ್ನಷ್ಟು ಒತ್ತಿ ಒರೆಸಿದ. ನೋವಾಗುತ್ತದೆಯೇ ಎಂದು ಕೇಳಿದ. ಇಲ್ಲವಲ್ಲ ಎಂದ ಉಸ್ಸಪ್ಪ. ಕತ್ತರಿ ನೆಲಕ್ಕೆ ಬಿದ್ದ ಸದ್ದಿಗೇ ಎದೆ ಹಿಡಿದುಕೊಳ್ಳುವ ಗಿರಾಕಿ ಇಷ್ಟು ಉಜ್ಜಿದರೂ ಉಸಿರೆತ್ತಲಿಲ್ಲವಲ್ಲ ಎಂದು ಕ್ಷೌರಿಕನಿಗೆ ಹೆದರಿಕೆಯಾಯಿತು. ಆ ಕಡೆ ಬ್ಲೇಡು ತಾಗಿಸುವುದಿಲ್ಲ, ಮೊದಲು ಡಾಕ್ಟರಿಗೆ ತೋರಿಸಿ ಎಂದು ಮುಖ ತೊಳೆಸಿ ಎಬ್ಬಿಸಿದ. ಉಸ್ಸಪ್ಪ ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಮುಳ್ಳುಮುಳ್ಳಾಗಿ ಬೀದಿಯುದ್ದಕ್ಕೂ ನಡೆದು ಬಂದ. ಎಡಗಡೆ ನಿಂತವರಿಗೆ ಅವನು ಮದುವೆಗೆ ಹೊರಟ ಹಾಗೆ ಕಂಡ, ಬಲಗಡೆಯವರಿಗೆ ಜೈಲಿನಿಂದ ಬಿಟ್ಟು ಬಂದ ಹಾಗೆ.

ಮನೆಯಲ್ಲಿ ಅಕ್ಕ ಮೆಟ್ಟಿಲಿಳಿದು ಬಂದಳು. ಅಷ್ಟರಮಟ್ಟಿಗೆ ಅದು ದೊಡ್ಡ ಸುದ್ದಿಯೇ. ಇದು ಕುರು, ಒಳಗೆ ಕೀವಿದೆ, ಹಣ್ಣಾದರೆ ಸರಿಹೋಗುತ್ತದೆ ಎಂದು ಈರುಳ್ಳಿ ಸುಟ್ಟು ಬಿಸಿಬಿಸಿಯಾಗಿ ಕಟ್ಟಿದಳು. ಉಸ್ಸಪ್ಪನ ಕತ್ತಿನಿಂದ ಹೊಮ್ಮುವ ಪರಿಮಳಕ್ಕೆ ಪಕ್ಕದ ಮನೆಯವರು ಇವತ್ತೇನು ಅಡುಗೆ ಎಂದು ವಿಚಾರಿಸಿದರು. ಸಂಜೆ ಕಟ್ಟು ಬಿಚ್ಚಿದರೆ ಕೀವೂ ಇಲ್ಲ, ಹಣ್ಣೂ ಆಗಿಲ್ಲ. ಕಪ್ಪು ಇನ್ನೂ ಕಪ್ಪಾಗಿತ್ತು, ಸುತ್ತಲಿನ ಚರ್ಮ ನಾದಿದ ಹಿಟ್ಟಿನಂತೆ ಮೆತ್ತಗೆ ಊದಿತ್ತು. ಸೂಜಿ ಕಾಯಿಸಿ ಚುಚ್ಚೋಣ ಎಂದಳು ಅಕ್ಕ. ಹೆಂಡತಿ ಎದ್ದು ಹೋಗಿ ಹೊಲಿಗೆ ಡಬ್ಬಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

"ಅತ್ತಿಗೆ, ಈ ಮನೇಲಿರೋ ಸೂಜಿಯೆಲ್ಲ ನನ್ನದು. ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಕೊಡೋದಿಲ್ಲ" ಎಂದಳು.

ಮರುದಿನ ಮಧ್ಯಾಹ್ನ ಉಸ್ಸಪ್ಪ ಕೆಲಸ ಅರ್ಧಕ್ಕೆ ಬಿಟ್ಟು ಮುಂದಿನ ಕೋಣೆಗೆ ಬಂದ. ಬಂದು ಕುರ್ಚಿಯಲ್ಲಿ ಕೂತ. ಹೆಂಡತಿ ರೂಢಿಯಂತೆ ಯಂತ್ರವನ್ನು ಜೋರಾಗಿ ತುಳಿಯಲು ಕಾಲು ಸಿದ್ಧಮಾಡಿಕೊಂಡಳು. ಏನೂ ಕೇಳಿಸಲಿಲ್ಲ. ಅವಳು ತಲೆಯೆತ್ತಿ ನೋಡಿದಳು. ಗಂಡ ಕೂತಿದ್ದ, ಆದರೆ ಕೂರುವಾಗ 'ಉಸ್ಸಪ್ಪಾ' ಎಂದಿರಲಿಲ್ಲ.

ಮದುವೆಯಾದಂದಿನಿಂದ ಹೀಗೆ ಆದದ್ದಿಲ್ಲ. ಮಂಡಿ ಹೇಗಿದೆ ಎಂದು ಅವಳೇ ಕೇಳಿದಳು. ತಲೆಯಾಡಿಸಿದ. ಸೊಂಟ? ಅದಕ್ಕೂ ತಲೆಯಾಡಿಸಿದ. ಹಣೆ ಮುಟ್ಟಿದರೆ ಕಾದ ಇಸ್ತ್ರಿಪೆಟ್ಟಿಗೆಯ ಹತ್ತಿರ ಕೈ ಒಯ್ದ ಹಾಗಿತ್ತು. ತಲೆ ನೋಯುತ್ತಿದೆಯೇ ಎಂದರೆ 'ಹೂಂ' ಎಂದನೇ ಹೊರತು, ಅದು ಒತ್ತುವ ನೋವೋ ಸಿಡಿಯುವ ನೋವೋ ಎಂದು ಬಿಡಿಸಿ ಹೇಳಲಿಲ್ಲ. ಅವಳ ಕಣ್ಣು ಅವನ ಅಂಗಿಯ ಕಾಲರಿನ ಮೇಲೆ ನಿಂತಿತು. ಆ ಅಂಗಿ ಅವಳೇ ಹೊಲಿದದ್ದು. ಗುಂಡಿ ಹಾಕಿಕೊಂಡರೂ ಒಳಗೆ ಬೆರಳು ಆಡುವಷ್ಟು ಸಡಿಲ ಬಿಟ್ಟಿದ್ದಳು. ಈಗ ಗುಂಡಿ ಕಾಜಾದ ಹತ್ತಿರಕ್ಕೂ ಬರುತ್ತಿರಲಿಲ್ಲ. ಕೊರಳಲ್ಲಿದ್ದ ಟೇಪನ್ನು ತೆಗೆದು ಅವನ ಕತ್ತಿಗೆ ಸುತ್ತಿ ನೋಡಿದಳು. ಅವನು ಸುಮ್ಮನೆ ಅಳತೆ ಕೊಟ್ಟ. ಟೇಪು ಹೇಳಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಯಂತ್ರಕ್ಕೆ ಬಟ್ಟೆ ಮುಚ್ಚಿ, ಚಪ್ಪಲಿ ಮೆಟ್ಟಿ, ಅವನ ಕೈ ಹಿಡಿದು ಎಬ್ಬಿಸಿದಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಬೇರೊಬ್ಬರಿಗೆ ಚೀಟಿ ಬರೆಯುತ್ತಿದ್ದರು. ಬಾಗಿಲಲ್ಲಿ ಉಸ್ಸಪ್ಪನ ನೆರಳು ಕಂಡೊಡನೆ, ತಲೆಯೆತ್ತದೆ, "ಇವತ್ತು ಎಲ್ಲಿ?" ಎಂದರು.

ಅವನ ಬದಲು ಹೆಂಡತಿ ಹೇಳಿದಳು: "ಡಾಕ್ಟ್ರೇ, ಇವರು ಏನೂ ಹೇಳ್ತಾ ಇಲ್ಲ. ಅದಕ್ಕೇ ಕರ್ಕೊಂಡು ಬಂದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕೈಗವಸು ಹಾಕಿಕೊಂಡು ದೀಪವನ್ನು ಹತ್ತಿರಕ್ಕೆ ಎಳೆದರು. ಕಪ್ಪು ಹಕ್ಕಳೆ, ಅದರ ಸುತ್ತ ನೀರ್ಗುಳ್ಳೆಗಳ ಸಾಲು, ದವಡೆಯವರೆಗೆ ಹಬ್ಬಿದ ಊತ. ಹಕ್ಕಳೆಯ ಪಕ್ಕದಲ್ಲಿ ಒತ್ತಿ ನೋವಿದೆಯೇ ಎಂದು ಕೇಳಿದರು. ಇಲ್ಲ. ದವಡೆಯ ಕೆಳಗೆ ತಡಕಿದಾಗ ಮಾತ್ರ ಗಂಟುಗಳು ಸಿಕ್ಕು ಅವನು ಸ್ವಲ್ಪ ಮುಖ ಕಿವುಚಿದ. ಉಸಿರಾಟಕ್ಕೆ, ನುಂಗುವುದಕ್ಕೆ ಕಷ್ಟವಿದೆಯೇ ಎಂದು ಕೇಳಿದರು. ಇನ್ನೂ ಇರಲಿಲ್ಲ. ಆಮೇಲೆ, ಇಷ್ಟು ವರ್ಷಗಳಲ್ಲಿ ಎಂದೂ ಕೇಳದ ಪ್ರಶ್ನೆಯೊಂದನ್ನು ಕೇಳಿದರು: ನೀವು ಕೆಲಸ ಮಾಡುವಾಗ ಕೈಯಲ್ಲಿ ಏನೇನು ಮುಟ್ಟುತ್ತೀರಿ?

ಉಸ್ಸಪ್ಪ ನಿಧಾನಕ್ಕೆ ಹೇಳಿದ. ಮರ, ಹಗ್ಗ, ತೊಗಲು. ತೊಗಲು ಎಲ್ಲಿಯದು? ಸಂತೆಯದು. ಹದ ಮಾಡಿದ್ದೇ? ಅಲ್ಲ, ಹಸಿ ತೊಗಲನ್ನು ಬಿಸಿಲಿಗೆ ಒಣಗಿಸಿದ್ದು. ಡಾಕ್ಟರಮ್ಮ ಎದ್ದು ಕಾಯುತ್ತಿದ್ದವರಿಗೆಲ್ಲ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ ಬಂದು ಕೂತರು.

ಇದು ಆಂಥ್ರಾಕ್ಸ್ ಇರಬಹುದು, ದನ, ಕುರಿ, ಮೇಕೆಗಳಿಗೆ ಬರುವ ಕಾಯಿಲೆ ಎಂದು ಬಿಡಿಸಿ ಹೇಳಿದರು. ಅದರಿಂದ ಸತ್ತ ಪ್ರಾಣಿಯ ತೊಗಲಿನಲ್ಲಿ, ಕೂದಲಿನಲ್ಲಿ ರೋಗಾಣು ವರ್ಷಗಟ್ಟಲೆ ಬದುಕಿರುತ್ತದೆ, ಚರ್ಮದ ಸಣ್ಣ ಗೀರು ಸಿಕ್ಕರೂ ಒಳಗೆ ನುಗ್ಗುತ್ತದೆ. ಮೊದಲು ತುರಿಕೆಯ ಗುಳ್ಳೆ, ಆಮೇಲೆ ನೀರು, ಆಮೇಲೆ ನೋವಿಲ್ಲದ ಕರಿ ಹುಣ್ಣು. ಇದ್ದಿಲು ಎಂಬ ಅರ್ಥದ ಹಳೆಯ ಮಾತಿನಿಂದಲೇ ಆ ಹೆಸರು ಬಂದದ್ದಂತೆ. ಚರ್ಮದಲ್ಲಷ್ಟೇ ಇರುವಾಗ ಸರಿಯಾದ ಮದ್ದು ಬಿದ್ದರೆ ವಾಸಿಯಾಗುತ್ತದೆ. ಬಿಟ್ಟರೆ ರಕ್ತಕ್ಕಿಳಿದು ಜೀವಕ್ಕೇ ಬರಬಹುದು. ಅದೂ ಕತ್ತಿನ ಊತವಾದ್ದರಿಂದ ಉಸಿರುಗೊಳವೆಯನ್ನು ಒತ್ತುವ ಭಯ. ಇವತ್ತೇ ದೊಡ್ಡಾಸ್ಪತ್ರೆಗೆ ಸೇರಬೇಕು. ಹುಣ್ಣನ್ನು ಚುಚ್ಚಲಿಲ್ಲ ತಾನೇ ಎಂದು ಕೇಳಿದರು. ಹೆಂಡತಿ ಬೀಗದ ಕೈಯನ್ನು ಸೆರಗಿನ ತುದಿಯಲ್ಲಿ ಮುಟ್ಟಿ ನೋಡಿಕೊಂಡು, ಇಲ್ಲ ಎಂದಳು.

ಉಸ್ಸಪ್ಪ ಮೊದಲ ಬಾರಿಗೆ ತಾನಾಗಿ ಬಾಯಿಬಿಟ್ಟ. "ಆದ್ರೆ ನೋವೇ ಇಲ್ವಲ್ಲ, ಡಾಕ್ಟ್ರೇ."

"ಅದೇ ಇದರ ಮೋಸ" ಎಂದರು ಡಾಕ್ಟರಮ್ಮ. "ಮಿಕ್ಕ ಕಾಯಿಲೆಗಳೆಲ್ಲ ನಿಮಗೆ ಹೇಳಿ ಬರ್ತಿದ್ದವು. ಇದು ಹೇಳದೇ ಬಂದಿದೆ."

ದೊಡ್ಡಾಸ್ಪತ್ರೆಯಲ್ಲಿ ಹಕ್ಕಳೆಯ ಅಂಚಿನಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಉತ್ತರಕ್ಕೆ ಕಾಯದೆ ರಕ್ತನಾಳಕ್ಕೆ ಸೂಜಿ ಹಾಕಿ ಮದ್ದು ಹರಿಸಿದರು. ಪರೀಕ್ಷೆಯ ಉತ್ತರ ಡಾಕ್ಟರಮ್ಮ ಅಂದದ್ದನ್ನೇ ಅಂದಿತು. ಮದ್ದು ಶುರುವಾದರೂ ಊತ ಒಂದೆರಡು ದಿನ ಎದೆಯ ಮೇಲ್ಭಾಗದವರೆಗೂ ಹಬ್ಬಿತು. ಉಸ್ಸಪ್ಪ ದಿಂಬಿಗೊರಗಿ ಅರೆಗಣ್ಣು ಮಾಡಿಕೊಂಡು ಮಲಗಿದ್ದ. ದಾದಿ ಬಂದು ಬಾಯಿ ತೆರೆಸಿ, ಉಸಿರು ಲೆಕ್ಕಹಾಕಿ ಹೋಗುತ್ತಿದ್ದಳು. ಹೆಂಡತಿ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಇದು ಮನುಷ್ಯರಿಂದ ಮನುಷ್ಯರಿಗೆ ಸುಲಭವಾಗಿ ಹರಡುವುದಿಲ್ಲ, ಹುಣ್ಣನ್ನೂ ಅದರ ಬಟ್ಟೆಯನ್ನೂ ಬರಿಗೈಯಲ್ಲಿ ಮುಟ್ಟದಿದ್ದರೆ ಸಾಕು ಎಂದು ತಿಳಿಸಿದ್ದರು. ಅವಳಿಗೆ ಅಂಟುವ ಭಯವಿರಲಿಲ್ಲ. ಈ ಮನುಷ್ಯನ ಪಕ್ಕ ಇಷ್ಟು ನಿಶ್ಶಬ್ದದಲ್ಲಿ ಕೂತು ಅವಳಿಗೆ ಅಭ್ಯಾಸವಿರಲಿಲ್ಲ, ಅಷ್ಟೆ. ಕೈಯಲ್ಲಿ ಕೆಲಸವಿರಲಿ ಎಂದು ಯಾರದೋ ಲಂಗದ ಅಂಚು ಮಡಚಿ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು.

ಒಂದು ಬೆಳಿಗ್ಗೆ ಉಸ್ಸಪ್ಪ ಕಣ್ಣು ಬಿಟ್ಟು, ದಿಂಬನ್ನು ಕೈಯಿಂದ ಒತ್ತಿ ನೋಡಿ, ಇದರೊಳಗೆ ಹತ್ತಿ ತುಂಬಿದ್ದಾರೋ ಜಲ್ಲಿಕಲ್ಲು ತುಂಬಿದ್ದಾರೋ ಎಂದ. ಹೆಂಡತಿ ಲಂಗ ಕೆಳಗಿಟ್ಟಳು. ಮಂಚದ ಕಂಬಿ ಬೆನ್ನಿಗೆ ಒತ್ತುತ್ತದೆ ಎಂದ. ಸೂಜಿ ಹಾಕಿದ ಕೈ ಜೋಮು ಹಿಡಿದಿದೆ, ಮರಗಟ್ಟಿದ್ದಲ್ಲ, ಜೋಮು ಎಂದ. ಅವಳು ಎದ್ದು ಹೊರಗಿನ ಪಡಸಾಲೆಗೆ ಹೋಗಿ, ಗೋಡೆಗೆ ಮುಖಮಾಡಿ ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮನೆಗೆ ಫೋನ್ ಮಾಡಿದಳು.

"ಅತ್ತಿಗೆ, ದಿಂಬು ಸರಿ ಇಲ್ಲವಂತೆ."

ಆ ಕಡೆ ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ, ಮಂಚದ ಬಗ್ಗೆ ಏನಂದ ಎಂದು ಕೇಳಿದಳು.

ಅದೇ ದಿನ ಆರೋಗ್ಯ ಇಲಾಖೆಯ ಅಧಿಕಾರಿಯೊಬ್ಬರು ಆಸ್ಪತ್ರೆಗೆ ಬಂದರು. ಅಂಗಡಿಗೆ ಬೀಗ ಹಾಕಿಯಾಗಿತ್ತು. ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡವರು ಒಳಹೊಕ್ಕು ತೊಟ್ಟಿ, ನೆಲ, ಕತ್ತಿ ಎಲ್ಲಕ್ಕೂ ಔಷಧಿ ಹೊಡೆದಿದ್ದರು. ಉಳಿದ ತೊಗಲುಗಳನ್ನು ಚೀಲದಲ್ಲಿ ಕಟ್ಟಿ ಸುಡಲು ಒಯ್ದಿದ್ದರು. ಸಂತೆಯ ಆ ಮನುಷ್ಯನೂ ಸಿಕ್ಕಿದ್ದ. ಎಲ್ಲೋ ಒಂದು ಕಡೆ ಮೇಕೆಗಳು ಒಂದರ ಹಿಂದೆ ಒಂದು ಇದ್ದಕ್ಕಿದ್ದಂತೆ ಬಿದ್ದು ಸತ್ತಾಗ, ಹೂಳಬೇಕಾದವನ್ನು ಸುಲಿದು ಮಾರಿದ್ದರು. ಅವನಿಗೆ ಅದು ಗೊತ್ತಿತ್ತೋ ಇಲ್ಲವೋ ಎಂಬ ವಿಚಾರಣೆ ಬೇರೆ ನಡೆಯುತ್ತಿತ್ತು. ಈಗ ಅಧಿಕಾರಿಗೆ ತಿಳಿಯಬೇಕಾಗಿದ್ದದ್ದು ಒಂದೇ: ಆ ಕಟ್ಟಿನ ತೊಗಲು ಬೇರೆಲ್ಲಿಗಾದರೂ ಹೋಗಿದೆಯೇ?

ಉಸ್ಸಪ್ಪ ಸೂಜಿಯ ಕೈಯನ್ನೂ ಮರೆತು ಎದ್ದು ಕೂತ.

"ಶಾಲೆಗೆ ಹೋಗಿದೆ. ಮಕ್ಕಳ ಡೋಲು ಅದು. ನನ್ನನ್ನ ಆಮೇಲೆ ಕೇಳುವಿರಂತೆ, ಮೊದಲು ಮೇಷ್ಟ್ರಿಗೆ ಫೋನ್ ಮಾಡಿ."

ಬ್ಯಾಂಡ್ ಮೇಷ್ಟ್ರು ಡೋಲನ್ನು ಮಕ್ಕಳ ಕೈಗೆ ಕೊಟ್ಟೇ ಇರಲಿಲ್ಲ. ಅದರ ಮೇಲಿನ ಪ್ರೀತಿಗೆ ತಮ್ಮ ಕೋಣೆಯ ಕಪಾಟಿನಲ್ಲಿಟ್ಟು, ಶಾಲೆ ಬಿಟ್ಟ ಮೇಲೆ ತಾವೊಬ್ಬರೇ ಬಾಗಿಲು ಹಾಕಿಕೊಂಡು ಬಾರಿಸುತ್ತಿದ್ದರಂತೆ. ಹೆಡ್‌ಮೇಡಂ ಮುಂದೆ ಈ ಮಾತು ಒಪ್ಪಿಕೊಳ್ಳುವಾಗ ಅವರ ಮುಖ ಕೆಂಪಾಯಿತು. ಅವರನ್ನೂ, ಅಂಗಡಿ ಗುಡಿಸುತ್ತಿದ್ದ ಹೆಂಡತಿಯನ್ನೂ, ಅಕ್ಕನನ್ನೂ ಪರೀಕ್ಷಿಸಿ, ಮುನ್ನೆಚ್ಚರಿಕೆಗೆಂದು ಮಾತ್ರೆ ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಮೇಷ್ಟ್ರು ಮಾತ್ರ ಹಲವು ವಾರ ಕೈಗನ್ನಡಿ ಹಿಡಿದು ತಮ್ಮ ಕತ್ತು ನೋಡಿಕೊಳ್ಳುತ್ತಿದ್ದರೆಂದು ಮಕ್ಕಳು ಆಡಿಕೊಂಡರು.

ಡೋಲನ್ನು ಸುಟ್ಟರು. ಸುಟ್ಟ ಸುದ್ದಿ ಕೇಳಿ ಉಸ್ಸಪ್ಪ ಕಿಟಕಿಯ ಕಡೆ ತಿರುಗಿ ಮಲಗಿದ. ಊಟ ತಂದಿಟ್ಟರೆ ಆಮೇಲೆ ಎಂದ. ತನ್ನ ಕೈಯಲ್ಲಿ ಅಷ್ಟು ವರ್ಷಕ್ಕೆ ಒಮ್ಮೆ ಮಾತ್ರ ಹುಟ್ಟಿದ ದನಿ ಅದು, ಅದರೊಳಗೇ ಅಂಥದ್ದು ಕೂತಿತ್ತಲ್ಲ ಎಂದು ಹೆಂಡತಿಯ ಹತ್ತಿರ ಹೇಳಿದನಂತೆ. ಅವಳು ಅವನ ಕಾಲು ಒತ್ತುತ್ತ ಕೂತಳು.

ಮನೆಗೆ ಬಂದ ಮೇಲೂ ಮಾತ್ರೆ ಮುಂದುವರಿಯಿತು. ಊತ ಇಳಿದು, ಜ್ವರ ಬಿಟ್ಟು, ಗಂಟುಗಳು ಕರಗಿದರೂ ಕಪ್ಪು ಹಕ್ಕಳೆ ಮಾತ್ರ ಬಾಡಿಗೆ ಮನೆ ಬಿಡದ ಒಕ್ಕಲಿನಂತೆ ಕೂತೇ ಇತ್ತು. ರೋಗಾಣು ಸತ್ತರೂ ಹುಣ್ಣು ತನ್ನ ಹೊತ್ತು ತೆಗೆದುಕೊಂಡೇ ಮಾಯುತ್ತದೆ, ಕೀಳಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ವಾರಗಳು ಕಳೆದ ಮೇಲೆ ಒಂದು ದಿನ ಮುಖ ತೊಳೆಯುವಾಗ ಅದು ತಾನಾಗಿ ಕಳಚಿ ಬಿತ್ತು. ಅಲ್ಲಿ ತಗ್ಗಾದ ಗುಲಾಬಿ ಬಣ್ಣದ ಕಲೆ ಉಳಿಯಿತು. ಕ್ಷೌರದಂಗಡಿಯವನು ಈಗಲೂ ಆ ಕಡೆ ಬಂದಾಗ ಉಸಿರು ಬಿಗಿಹಿಡಿಯುತ್ತಾನೆ.

ಅಂಗಡಿ ಮತ್ತೆ ತೆರೆಯಿತು. ಪರೀಕ್ಷೆ ಮಾಡಿ ಹದ ಮಾಡಿದ ತೊಗಲನ್ನು ಮಾತ್ರ ಉಸ್ಸಪ್ಪ ತರಿಸತೊಡಗಿದ. ಗೀರು, ಗಾಯವಿದ್ದರೆ ಪಟ್ಟಿ. ಕೈಗೆ ಉದ್ದನೆಯ ಗವಸು. ಗವಸಿನೊಳಗೆ ಬೆರಳು ಬೆವರಿ ಹೇಗೆ ಸುಕ್ಕಾಗುತ್ತದೆ ಎಂಬ ಹೊಸ ವಿಷಯ ಮನೆಯವರಿಗೆ ಕೇಳಲು ಸಿಕ್ಕಿತು. ಇಲಾಖೆಯ ಅಧಿಕಾರಿಗೆ ಇವನ ಮಾತಿನ ವೈಖರಿ ಹಿಡಿಸಿತ್ತು. ತೊಗಲು ಹೊರುವವರಿಗೆ, ಕುರಿಗಾಹಿಗಳಿಗೆ ಸಂತೆಯಲ್ಲಿ ನಾಲ್ಕು ಮಾತು ಹೇಳುತ್ತೀರಾ ಎಂದು ಕೇಳಿದರು. ತನ್ನ ಕಾಯಿಲೆಯ ಕಥೆಯನ್ನು ಕೂತು ಕೇಳುವ ಜನ ಇದ್ದಾರೆಂದು ತಿಳಿದದ್ದೇ ಉಸ್ಸಪ್ಪನಿಗೆ ಹತ್ತು ವರ್ಷ ಕಡಿಮೆಯಾದ ಹಾಗಾಯಿತು. ತೂಕದ ಕಟ್ಟೆಯ ಮೇಲೆ ನಿಂತು ಕಾಲರ್ ಸರಿಸಿ ಕಲೆ ತೋರಿಸಿದ. ಇದ್ದಕ್ಕಿದ್ದಂತೆ ಸತ್ತ ಪ್ರಾಣಿಯನ್ನು ಮುಟ್ಟಬೇಡಿ, ಸುಲಿಯಬೇಡಿ, ಪಶುವೈದ್ಯರಿಗೆ ತಿಳಿಸಿ ಎಂದ. "ನೋವಾದ್ರೆ ಎರಡು ದಿನ ಕಾಯಿರಿ. ನೋಯದೇ ಕಪ್ಪಾಗ್ತಿದ್ರೆ ಮಾತ್ರ ಒಂದು ಗಳಿಗೇನೂ ಕಾಯಬೇಡಿ" ಎಂದ. ಮೊದಲ ಅರ್ಧವನ್ನು ಅಧಿಕಾರಿ ಹೇಳಿಕೊಟ್ಟಿರಲಿಲ್ಲ. ಅವರು ಕೆಳಗಿನಿಂದ ಕೈ ಆಡಿಸಿ ತಡೆಯಲು ನೋಡಿದರು. ಇವನು ಅದನ್ನು ಮೆಚ್ಚುಗೆ ಎಂದುಕೊಂಡು ಇನ್ನೊಂದು ಸಲ ಹೇಳಿದ.

ಪರಿಣಾಮ ಮರುವಾರವೇ ಕಾಣಿಸಿತು. ಮೊಣಕೈ ಮೇಲೆ ಮಚ್ಚೆ ಇದ್ದವರು, ಉಗುರು ಕಪ್ಪಾದವರು, ಟಾರು ಅಂಟಿಸಿಕೊಂಡವರು, ತಿಗಣೆ ಕಚ್ಚಿಸಿಕೊಂಡವರು, ಯಾರಿಗೂ ನೋವಿಲ್ಲ, ಎಲ್ಲರೂ ಉಸ್ಸಪ್ಪನ ಅಂಗಡಿಗೆ ಬಂದು ಕೈ ಚಾಚಿದರು. ಅವನು ಒಬ್ಬರಿಗೂ ಇದು ಆ ಕಾಯಿಲೆ ಅಲ್ಲ ಎಂದು ತಾನೇ ಹೇಳಲಿಲ್ಲ. ಎಲ್ಲರನ್ನೂ ಸಾಲಾಗಿ ಹೊರಡಿಸಿಕೊಂಡು ಬೀದಿಯ ಕೊನೆಯ ಕ್ಲಿನಿಕ್ಕಿಗೆ ಹೋದ. ಬೆಂಚು ತುಂಬಿ, ಮೆಟ್ಟಿಲು ತುಂಬಿ, ಜನ ಅಂಗಳದಲ್ಲಿ ನಿಂತರು.

ಡಾಕ್ಟರಮ್ಮ ಪರದೆ ಸರಿಸಿ ನೋಡಿದರು. ಕುರಿ ವಾಸನೆಯ ಹೆಗಲುಗಳು ಬಾಗಿಲಿನಿಂದ ಗೇಟಿನವರೆಗೆ ನಿಂತಿದ್ದವು. ಮುಂದೆ ಉಸ್ಸಪ್ಪ, ಮದುವೆ ದಿಬ್ಬಣ ಕರೆತಂದವನ ಗತ್ತಿನಲ್ಲಿ.

"ಇಷ್ಟು ದಿನ ನಿಮ್ಮೊಬ್ಬರ ನೋವು ಕೇಳ್ತಿದ್ದೆ" ಎಂದರು. "ಈಗ ಊರಿನವರೆಲ್ಲರ ನೋವಿಲ್ಲದ್ದನ್ನೂ ಕೇಳಬೇಕಾ?"

ಹಾಗೆನ್ನುತ್ತಲೇ ಅವರು ಹೊಸ ಜೊತೆ ಕೈಗವಸು ತೆಗೆದು, ಬೆರಳುಗಳನ್ನು ಒಂದೊಂದಾಗಿ ತೂರಿಸಿಕೊಂಡು, ಬಾಗಿಲಲ್ಲಿದ್ದ ಮೊದಲ ಮನುಷ್ಯನಿಗೆ ಅಂಗಿಯ ತೋಳು ಮಡಚಿಕೊಂಡು ಒಳಗೆ ಬರಲು ಹೇಳಿದರು. ಉಸ್ಸಪ್ಪ ಒಳಗಿನಿಂದ ಇನ್ನೂ ಒಂದು ಬೆಂಚು ಎತ್ತಿಕೊಂಡು ಬಂದು, ಬಿಸಿಲಿನಲ್ಲಿ ನಿಂತಿದ್ದ ಮುದುಕನೊಬ್ಬನನ್ನು ಅದರ ಮೇಲೆ ಕೂರಿಸಿ, ತಾನು ಪಕ್ಕದಲ್ಲಿ ನಿಂತುಕೊಂಡ.